ಹೊಟ್ಟೆ ತುಂಬಿದ್ದು ಕೂಸಿಗೆ ಗೊತ್ತಾಗುತ್ತದೆ

ತಾಯಿಯ ತೂಕ ಹೆಚ್ಚಿದ್ದರೆ ಮಗುವಿಗೂ ಮುಂದೆ ಬೊಜ್ಜು ಬರುವ ಸಾಧ್ಯತೆ ಹೆಚ್ಚು. ಇದರಲ್ಲಿ ವಂಶವಾಹಿಗಳ ಪಾಲಿದೆ, ಗರ್ಭದೊಳಗಿನ ಪೋಷಣೆಯ ಪಾಲೂ ಇದೆ. ತೂಕ ಹೆಚ್ಚಿದ್ದವರ ರಕ್ತದಲ್ಲಿ ಗ್ಲೂಕೋಸ್, ಅಂದರೆ ಸಕ್ಕರೆ, ಹೆಚ್ಚಿರುವುದುಂಟು. ಅದು ಮಾಸು ದಾಟಿ ಮಗುವನ್ನು ಸೇರುತ್ತದೆ, ಸಕ್ಕರೆಯನ್ನು ಹತೋಟಿಯಲ್ಲಿಡುವ ಆಕೆಯ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಹೆಚ್ಚು ಬಂದಾಗ ಮಗು ತಾನೇ ಹೆಚ್ಚು ಇನ್ಸುಲಿನ್ ಉತ್ಪಾದಿಸುತ್ತದೆ, ಅದರಿಂದ ಮೈಯಲ್ಲಿ ಕೊಬ್ಬು ಕೂಡುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಊರಿನವರ ಮಿಷನ್ ಆಸ್ಪತ್ರೆಯಲ್ಲಿ, 1997ರಿಂದ ನಡೆದ ದೀರ್ಘ ಅಧ್ಯಯನವೂ ಇದನ್ನು ಕಂಡಿದೆ: ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬಿನಂಶ ಹೆಚ್ಚಿತ್ತು.

ಇದನ್ನು ತಾಯಿಯ ತಪ್ಪೆಂದು ಹೇಳುವುದು ಅನ್ಯಾಯ. ಹುಟ್ಟಿದ ಮೇಲೆ ಮಾಡಬಹುದಾದದ್ದು ಬೇಕಾದಷ್ಟಿದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಚೊಚ್ಚಲ ತಾಯಂದಿರ ಮನೆಗೆ ನರ್ಸ್‌ಗಳು ಹೋಗಿ, ಮಗುವಿನ ಹಸಿವನ್ನು ಗುರುತಿಸುವುದು ಹೇಗೆ, ಹಸಿವಿಲ್ಲದೆ ಅತ್ತರೆ ಸಮಾಧಾನ ಮಾಡುವುದು ಹೇಗೆ ಎಂದು ಕಲಿಸಿದರು. ವರ್ಷ ತುಂಬುವಾಗ ಈ ಮಕ್ಕಳಲ್ಲಿ ಅತಿತೂಕದವರು ಶೇ 5.5, ಈ ಪಾಠ ಸಿಗದ ಗುಂಪಿನಲ್ಲಿ ಶೇ 12.7. ಮೂರು ವರ್ಷದ ಹೊತ್ತಿಗೆ ವ್ಯತ್ಯಾಸ ಚಿಕ್ಕದಾದರೂ ಉಳಿದಿತ್ತು. ಮಗುವಿನ ಊಟ ಕಡಿಮೆ ಮಾಡಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ನನಗೆ ಈ ಅಧ್ಯಯನದಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದು ಇದೇ.

ಹಸಿದ ಕೂಸು ಬಾಯಿ ತೆರೆದು ತಲೆ ಅತ್ತಿತ್ತ ಹೊರಳಿಸುತ್ತದೆ, ಬಿಗಿಹಿಡಿದ ಮುಷ್ಟಿಯನ್ನು ಬಾಯಿಗಿಡುತ್ತದೆ. ಹೊಟ್ಟೆ ತುಂಬುತ್ತಾ ಬಂದಂತೆ ಚೀಪುವುದು ನಿಧಾನವಾಗುತ್ತದೆ, ಮುಷ್ಟಿ ಸಡಿಲುತ್ತದೆ, ಕೊನೆಗೆ ಮುಖ ತಿರುಗಿಸುತ್ತದೆ. ಆರು ತಿಂಗಳಾದ ಮೇಲೆ ರಾಗಿ ಸರಿ ತಿನ್ನಿಸುವಾಗಲೂ ತುಟಿ ಬಿಗಿದರೆ, ಚಮಚ ತಳ್ಳಿದರೆ ಅದೇ ಅರ್ಥ. ನಮ್ಮ ಮನೆಗಳಲ್ಲಿ ಆಗಲೇ ಕಾಗೆ, ಚಂದಮಾಮ, ಈಗ ಮೊಬೈಲು ಮುಂದೆ ಬರುತ್ತವೆ. ‘ಇದೊಂದೇ ತುತ್ತು, ಬಂಗಾರ’ ಎನ್ನುತ್ತಾ ಅಜ್ಜಿ ಇನ್ನೂ ನಾಲ್ಕು ತುತ್ತು ತುರುಕುತ್ತಾರೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ದಿನವೂ ಹೀಗಾದರೆ ಮಗು ಹೊಟ್ಟೆಯ ಮಾತು ಕೇಳುವುದನ್ನು ಬಿಟ್ಟು ತಟ್ಟೆ ಖಾಲಿಯಾಗುವುದನ್ನು ನೋಡಲು ಕಲಿಯುತ್ತದೆ. ಎರಡು ವರ್ಷದವರೆಗೆ ಸರಿಗೆ ಸಕ್ಕರೆ, ಬೆಲ್ಲ ಬೇಡ.

ಎದೆಹಾಲಿನ ವಿಷಯದಲ್ಲಿ ತೂಕ ಹೆಚ್ಚಿರುವ ಬಾಣಂತಿಗೆ ಒಂದು ಮಾತು ಮೊದಲೇ ತಿಳಿದಿರಬೇಕು. ಇಂಥವರಲ್ಲಿ ಹಾಲು ಚೆನ್ನಾಗಿ ಇಳಿಯಲು ಮೂರು ದಿನಕ್ಕಿಂತ ಹೆಚ್ಚು ಹಿಡಿಯಬಹುದು. ಮಗು ಚೀಪಿದಾಗ, ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುವುದೂ ಕಡಿಮೆ. ‘ಹಾಲು ಸಾಲುತ್ತಿಲ್ಲ’ ಎಂದು ಮನೆಯವರು ಬಾಟಲಿ ತರುವುದು ಈ ಘಟ್ಟದಲ್ಲೇ. ಪದೇಪದೇ ಎದೆಗೆ ಹಾಕಬೇಕು, ಮಗುವಿನ ತೂಕ ಮತ್ತು ಉಚ್ಚೆ ನೋಡಿಕೊಂಡು ವೈದ್ಯರು ಹೇಳಿದರಷ್ಟೇ ಬೇರೆ ಹಾಲು ಕೊಡಬೇಕು.

ಪುಡಿ ಹಾಲು, ಅಂದರೆ ಶಿಶುಗಳಿಗೆಂದೇ ತಯಾರಿಸಿದ ಫಾರ್ಮುಲಾ, ಬೇಕೇ ಆದಾಗ ಅದರಲ್ಲಿರುವ ಪ್ರೋಟೀನ್ ಮುಖ್ಯ. ಜರ್ಮನಿ, ಬೆಲ್ಜಿಯಂ, ಇಟಲಿ, ಪೋಲೆಂಡ್, ಸ್ಪೇನ್‌ಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಹೆಚ್ಚು ಪ್ರೋಟೀನ್ ಇರುವ ಪುಡಿ ಹಾಲು ಕುಡಿದ ಮಕ್ಕಳಿಗೆ ಆರನೇ ವಯಸ್ಸಿನಲ್ಲಿ ಬೊಜ್ಜಿನ ಅಪಾಯ ಕಡಿಮೆ ಪ್ರೋಟೀನಿನ ಗುಂಪಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. 100 ಮಿ.ಲೀ. ಎದೆಹಾಲಿನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ, ಹಸುವಿನ ಹಾಲಿನಲ್ಲಿ 3 ಗ್ರಾಂಗೂ ಮೇಲೆ. ಆದ್ದರಿಂದ ವರ್ಷ ತುಂಬುವ ಮೊದಲು ಎದೆಹಾಲಿನ ಬದಲು ಹಸುವಿನ ಹಾಲು ಬೇಡ. ಗಟ್ಟಿಯಾಗಲೆಂದು ಒಂದು ಚಮಚ ಪುಡಿ ಹೆಚ್ಚು ಹಾಕುವುದೂ ಬೇಡ. ಡಬ್ಬಿಯ ಮೇಲಿನ ಅಳತೆಯಂತೆ ಕಲಸಿ, ಮಗು ಬಿಟ್ಟ ಹಾಲನ್ನು ಚೆಲ್ಲಿಬಿಡಿ.