ಸಲೈನ್ ಹಾಕಿದರೆ ಹೋಗಿ ಮತ್ತೆ ಬರುವ ಸುಸ್ತು

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಸುಸ್ತಿಗೆ ಒಂದು ಸಿದ್ಧ ಮದ್ದಿದೆ: ಸಲೈನ್. ಕೈಕಾಲು ಸೋತವು, ಚಕ್ಕರ್ ಬಂತು ಅಂದರೆ ಊರ ಡಾಕ್ಟರ ಹತ್ತಿರ ಹೋಗಿ ಒಂದು ಬಾಟಲಿ ಏರಿಸಿಕೊಂಡು ಬರುವುದು. ಹೆಚ್ಚಿನವರಿಗೆ ಇದರಿಂದ ಆಗುವ ಲಾಭ ಅಷ್ಟಕ್ಕಷ್ಟೇ. ಆದರೆ ಒಂದು ಅಪರೂಪದ ಕಾಯಿಲೆ ಇದ್ದವರಿಗೆ ಸಲೈನ್ ನಿಜವಾಗಿಯೂ ನಾಟುತ್ತದೆ. ಮಲಗಿದವರು ಎದ್ದು ನಾಲ್ಕು ದಿನ ಓಡಾಡುತ್ತಾರೆ. ತೊಂದರೆ ಇರುವುದೇ ಅಲ್ಲಿ. ಗುಣ ಕಂಡ ಮೇಲೆ ಮುಂದೆ ಹುಡುಕುವವರು ಯಾರು?

ಆ ಕಾಯಿಲೆಯ ಹೆಸರು ಅಡಿಸನ್. ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಇರುತ್ತದೆ. ತೂಕ ನಾಲ್ಕೈದು ಗ್ರಾಂ, ಅಷ್ಟೇ. ಅಲ್ಲಿ ತಯಾರಾಗುವ ಆಲ್ಡೋಸ್ಟಿರಾನ್ ಹಾರ್ಮೋನ್ ಮೈಯಲ್ಲಿ ಉಪ್ಪು ಹಿಡಿದಿಡುತ್ತದೆ. ಕಾರ್ಟಿಸಾಲ್ ಜ್ವರ, ಪೆಟ್ಟು, ಉಪವಾಸಗಳನ್ನು ತಡೆದುಕೊಳ್ಳುವ ಶಕ್ತಿ ಕೊಡುತ್ತದೆ. ಗ್ರಂಥಿ ಕೆಟ್ಟರೆ ಉಪ್ಪು ಮೂತ್ರದಲ್ಲಿ ಹರಿದುಹೋಗುತ್ತದೆ, ಬಿಪಿ ಇಳಿಯುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ. ಸಲೈನ್ ಅಂದರೆ ಉಪ್ಪುನೀರು ತಾನೇ? ಹಾಗಾಗಿ ಸ್ವಲ್ಪ ದಿನ ಜೀವ ಬಂದಂತಾಗುತ್ತದೆ. ಎಷ್ಟೋ ಕಡೆ ಬಾಟಲಿಗೆ ಡೆಕ್ಸಾಮೆಥಸೋನ್ ಇಂಜೆಕ್ಷನ್ನೂ ಸೇರಿಸುತ್ತಾರೆ. ಅದು ಕಾರ್ಟಿಸಾಲ್‌ನ ಜಾತಿಯದೇ. ಅಂದರೆ ಕಾಯಿಲೆ ಯಾವುದೆಂದು ಗೊತ್ತಿಲ್ಲದೆಯೇ ಔಷಧಿ ಮೈಗೆ ಹೋಗಿರುತ್ತದೆ!

ಇನ್ನೊಂದು ಗುರುತು ಚರ್ಮದ್ದು. ಗ್ರಂಥಿ ಸೋತಾಗ ಮೆದುಳಿನ ಬುಡದ ಪಿಟ್ಯುಟರಿ ಅದನ್ನು ಎಬ್ಬಿಸಲು ಎಸಿಟಿಎಚ್ ಹಾರ್ಮೋನನ್ನು ಜಾಸ್ತಿ ಜಾಸ್ತಿ ಸುರಿಸುತ್ತದೆ. ಅದೇ ಚರ್ಮದ ಬಣ್ಣವನ್ನೂ ಕೆದಕುತ್ತದೆ. "ಯಾಕವ್ವಾ, ಹಿಂಗ್ಯಾಕ ಕರ್ರಗ ಆಗೀದಿ?" ಎಂದು ಕೇಳಿದರೆ "ಬಿಸಿಲಾಗ ದುಡಿತೀನಲ್ರೀ, ಮತ್ತೇನ್ ಬೆಳ್ಳಗ ಆಗ್ಲೇನು?" ಎಂಬ ಉತ್ತರ ಬರುತ್ತದೆ. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರಿಗೆ ಇದು ಸರಿಯಾದ ಉತ್ತರವೇ. ಆದರೆ ಬಿಸಿಲು ಅಂಗೈ ಗೆರೆಯೊಳಗೆ ಹೋಗುವುದಿಲ್ಲ. ಅಂಗೈ ಬಿಡಿಸಿ, ಅಣ್ಣನದೋ ತಂಗಿಯದೋ ಅಂಗೈ ಪಕ್ಕಕ್ಕಿಟ್ಟು ನೋಡಬೇಕು. ಗೆರೆಗಳು, ಬೆರಳ ಗೆಣ್ಣು, ಹಳೆ ಗಾಯದ ಕಲೆ ಇತ್ತೀಚೆಗೆ ಕಪ್ಪಾಗಿದ್ದರೆ ಅನುಮಾನ ಪಡಬೇಕು. ನಮ್ಮಲ್ಲಿ ಹುಟ್ಟಿನಿಂದಲೇ ಒಸಡು ಕಪ್ಪಗಿರುವವರು ಬಹಳ, ಹಾಗಾಗಿ ಒಸಡೊಂದನ್ನೇ ನಂಬುವಂತಿಲ್ಲ. ಜೊತೆಗೆ ತೂಕ ಇಳಿಯುತ್ತಿದ್ದರೆ, ವಾಂತಿ ಆಗುತ್ತಿದ್ದರೆ, ರೊಟ್ಟಿಗೆ ಉಪ್ಪು ಉದುರಿಸಿಕೊಂಡು ತಿನ್ನುವ ಹೊಸ ಚಪಲ ಶುರುವಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಈ ಗ್ರಂಥಿ ಇದೆ ಎಂದು ಇಟಲಿಯ ಅಂಗರಚನಾ ಪಂಡಿತ ಯುಸ್ಟಾಕಿಯೊ 16ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಅದರ ಕೆಲಸ ಏನೆಂದು ಮುಂದೆ ಸುಮಾರು 300 ವರ್ಷ ಯಾರಿಗೂ ಗೊತ್ತಾಗಲಿಲ್ಲ. 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 11 ರೋಗಿಗಳ ಕಥೆ ಪ್ರಕಟಿಸಿದ. ಸುಸ್ತು, ವಾಂತಿ, ಕಪ್ಪಾಗುವ ಚರ್ಮ, ಕೊನೆಗೆ ಸಾವು. ಶವಪರೀಕ್ಷೆಯಲ್ಲಿ ಅಡ್ರಿನಲ್ ಗ್ರಂಥಿ ಹಾಳಾಗಿದ್ದು ಕಂಡಿತು. ಅವುಗಳಲ್ಲಿ ಹಲವನ್ನು ಕೆಡಿಸಿದ್ದು ಕ್ಷಯ. ಮರುವರ್ಷವೇ ಬ್ರೌನ್ ಸೆಕಾರ್ ಎಂಬ ವಿಜ್ಞಾನಿ ಪ್ರಾಣಿಗಳ ಅಡ್ರಿನಲ್ ತೆಗೆದು ನೋಡಿದ. ಅವು ಬದುಕಲಿಲ್ಲ. ಹೀಗೆ ಕಾಯಿಲೆ ಗೊತ್ತಾಯಿತು, ಮದ್ದು ಮಾತ್ರ ಇರಲಿಲ್ಲ. ದನಗಳ ಗ್ರಂಥಿಯಿಂದ ತೆಗೆದ ಸಾರ ರೋಗಿಗಳಿಗೆ ಸ್ವಲ್ಪ ಆಸರೆಯಾಗಿದ್ದು 1930ರ ಹೊತ್ತಿಗೆ.

ಕಥೆ ತಿರುಗಿದ್ದು 1948ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ತಂಡ ಕಾರ್ಟಿಸಾಲ್‌ನ ಜಾತಿಯದೇ ಆದ ಅಡ್ರಿನಲ್‌ನ ಕಾರ್ಟಿಸೋನನ್ನು ಸಂಧಿವಾತದ ಹೆಣ್ಣುಮಗಳೊಬ್ಬಳಿಗೆ ಕೊಟ್ಟಿತು. ಹಾಸಿಗೆ ಹಿಡಿದಿದ್ದವಳು ಕೆಲವೇ ದಿನಗಳಲ್ಲಿ ನಡೆದಾಡಿದಳು. ಹೆಂಚ್, ಅಡ್ರಿನಲ್ ಹಾರ್ಮೋನ್‌ಗಳನ್ನು ಬಿಡಿಸಿ ತೋರಿಸಿದ್ದ ಕೆಂಡಾಲ್ ಮತ್ತು ರೈಕ್‌ಸ್ಟೈನ್ ಮೂವರಿಗೂ 1950ರಲ್ಲೇ ನೊಬೆಲ್ ಬಂತು. ಆಗ ಕಾರ್ಟಿಸೋನ್ ಚಿನ್ನದಷ್ಟು ಅಪರೂಪ. ದನದ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ತಯಾರಾಗಬೇಕಿತ್ತು. 1952ರಲ್ಲಿ ಅಪ್‌ಜಾನ್ ಕಂಪನಿಯ ವಿಜ್ಞಾನಿಗಳು ಅದರ ಕಷ್ಟದ ಹಂತವೊಂದನ್ನು ಬೂಷ್ಟಿನ ಕೈಯಲ್ಲಿ ಮಾಡಿಸುವ ದಾರಿ ಕಂಡುಕೊಂಡರು. ಬೆಲೆ ಬಿತ್ತು. 1955ರ ಹೊತ್ತಿಗೆ ಇನ್ನೂ ಜೋರಾದ ಪ್ರೆಡ್ನಿಸೋಲೋನ್ ಬಂತು. ಇವತ್ತು ಮೆಡಿಕಲ್ ಶಾಪಿನ ಅಗ್ಗದ ಗುಳಿಗೆಗಳಲ್ಲಿ ಅದೂ ಒಂದು.

ನನ್ನ ಮಟ್ಟಿಗೆ ನಮ್ಮ ಕಡೆಯ ಕಥೆ ಶುರುವಾಗುವುದು ಈ ಅಗ್ಗದಿಂದಲೇ. ಕ್ಷಯ ಇನ್ನೂ ಅಡ್ರಿನಲ್ ತಿನ್ನುತ್ತಿದೆ. ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರವೂ ತಿನ್ನುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಗ್ರಂಥಿ ಕೆಡಿಸುವುದು ಹೆಚ್ಚು. ಆದರೆ ಈಗ ಎಲ್ಲೆಡೆಯಂತೆ ಇಲ್ಲಿಯೂ ಜಾಸ್ತಿ ಜನರ ಅಡ್ರಿನಲ್ ಕೈಕೊಡುವುದು ಸ್ಟೀರಾಯ್ಡ್ ಗುಳಿಗೆಯಿಂದ, ಅಂದರೆ ಪ್ರೆಡ್ನಿಸೋಲೋನ್‌ನಂಥ ಕಾರ್ಟಿಸಾಲ್ ಜಾತಿಯ ಔಷಧಿಯಿಂದ. ಮೊಣಕಾಲು ನೋವು, ದಮ್ಮು, ತುರಿಕೆಗೆ ಡಾಕ್ಟರು ಹತ್ತು ದಿನಕ್ಕೆ ಬರೆದ ಚೀಟಿಯನ್ನು ವರ್ಷಗಟ್ಟಲೆ ತೋರಿಸುತ್ತಾ ಗುಳಿಗೆ ಒಯ್ಯುವವರಿದ್ದಾರೆ. ಕೀಲುನೋವಿನ 'ನಾಟಿ' ಪುಡಿಗಳಲ್ಲಿ ಸ್ಟೀರಾಯ್ಡ್ ಕಲಬೆರಕೆ ಹಳೇ ಚಾಳಿ. ಬಣ್ಣ ಬರಲೆಂದು ತಿಂಗಳುಗಟ್ಟಲೆ ಹಚ್ಚುವ ಜೋರಾದ ಸ್ಟೀರಾಯ್ಡ್ ಕ್ರೀಮೂ ಮೈಗೆ ಇಳಿಯುತ್ತದೆ.

ಹೊರಗಿನಿಂದ ಇಷ್ಟು ಬಂದರೆ ಗ್ರಂಥಿ ದುಡಿಯುವುದನ್ನೇ ಬಿಡುತ್ತದೆ. ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಕೈಕಾಲು ಸಣಕಲಾಗುತ್ತವೆ, ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ. ಹಾರ್ವಿ ಕುಶಿಂಗ್ 1932ರಲ್ಲಿ ಪಿಟ್ಯುಟರಿ ಗಡ್ಡೆಯಿಂದ ಆಗುತ್ತದೆ ಎಂದು ಬರೆದ ಅದೇ ರೂಪ ಇಲ್ಲಿ ಪುಡಿ ಪೊಟ್ಟಣದಿಂದ ಬರುತ್ತದೆ. ಊರವರು "ಮೈಕೈ ತುಂಬ್ಯಾವು" ಎನ್ನುತ್ತಾರೆ. ಆಮೇಲೆ ಯಾರೋ "ಸ್ಟೀರಾಯ್ಡ್ ಕೆಟ್ಟದ್ದು" ಎಂದು ಹೇಳುತ್ತಾರೆ, ಇವರು ಗುಳಿಗೆ ತಟ್ಟನೆ ನಿಲ್ಲಿಸುತ್ತಾರೆ. ವಾರದೊಳಗೆ ಬಿಪಿ ಬಿದ್ದು ಐಸಿಯು ಸೇರಬಹುದು. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ತೆಗೆದುಕೊಂಡವರು ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಗ್ರಂಥಿ ಎಚ್ಚರಗೊಳ್ಳಲು ತಿಂಗಳುಗಳೇ ಬೇಕಾಗಬಹುದು. ಇವರ ಚರ್ಮ ಮಾತ್ರ ಕಪ್ಪಾಗುವುದಿಲ್ಲ, ಯಾಕೆಂದರೆ ಇಲ್ಲಿ ಪಿಟ್ಯುಟರಿಯೂ ಮಲಗಿರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿ ಸತ್ತ ತಾಯಂದಿರದೂ ಇದೇ ಕಥೆ. ಎದೆಹಾಲು ಬರುವುದಿಲ್ಲ, ಮುಟ್ಟು ನಿಲ್ಲುತ್ತದೆ, ಮುಖ ಬಿಳುಚಿಕೊಳ್ಳುತ್ತದೆ. ಎಷ್ಟೋ ಸಲ ಅದಕ್ಕೆ 'ಬಾಣಂತನ ಸರಿ ಆಗಲಿಲ್ಲ' ಎಂಬ ಹೆಸರು ಬಿದ್ದು ವರ್ಷಗಳೇ ಕಳೆದಿರುತ್ತವೆ.

ಪತ್ತೆ ಮಾಡುವ ಮೊದಲ ಪರೀಕ್ಷೆ ಸರಳ, ಆದರೆ ಹೊತ್ತಿನ ಮೇಲೆ ನಿಂತಿದೆ. ಕಾರ್ಟಿಸಾಲ್ ಬೆಳಿಗ್ಗೆ ಏರಿರುತ್ತದೆ, ನಡುರಾತ್ರಿ ಇಳಿದಿರುತ್ತದೆ. ರಕ್ತ ಕೊಡಬೇಕಾದ್ದು ಬೆಳಿಗ್ಗೆ 8ರ ಸುಮಾರಿಗೆ. ಮುಂಡರಗಿಯಿಂದಲೋ ಹಿರೇಕೆರೂರಿನಿಂದಲೋ ಬಸ್ ಹಿಡಿದು, ಹುಬ್ಬಳ್ಳಿ ವಿದ್ಯಾನಗರದ ದೊಡ್ಡಾಸ್ಪತ್ರೆ ಕಿಮ್ಸ್‌ನಲ್ಲಿ ಚೀಟಿ ಮಾಡಿಸಿ, ಮಧ್ಯಾಹ್ನ 12ಕ್ಕೆ ರಕ್ತ ಕೊಟ್ಟರೆ ಬಂದ ಅಂಕಿ ಗೊಂದಲವನ್ನೇ ಹೆಚ್ಚಿಸುತ್ತದೆ. ಹಿಂದಿನ ರಾತ್ರಿಯೇ ಬಂದು ಉಳಿಯುವುದೋ, ಊರ ಹತ್ತಿರದ ಲ್ಯಾಬಿನಲ್ಲೇ ಕೊಡುವುದೋ ವಾಸಿ. ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಗ್ರಂಥಿ ಸೋತಿರುವುದು ಬಹುತೇಕ ಖಚಿತ. ಅದಕ್ಕಿಂತ ಮೇಲಿದ್ದೂ ಸಾಕಷ್ಟಿಲ್ಲದಿದ್ದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು, ಗ್ರಂಥಿ ಏಳುತ್ತದೋ ಇಲ್ಲವೋ ಎಂದು ಮತ್ತೆ ಅಳೆಯುತ್ತಾರೆ. ಪುಡಿ, ಕ್ರೀಮು, ಇಂಜೆಕ್ಷನ್ ಏನೇ ಬಳಸಿದ್ದರೂ ಮುಚ್ಚಿಡದೆ ಹೇಳಬೇಕು. ಇಲ್ಲದಿದ್ದರೆ ರಿಪೋರ್ಟ್ ದಾರಿ ತಪ್ಪಿಸುತ್ತದೆ.

ಗೊತ್ತಾದ ಮೇಲೆ ಚಿಕಿತ್ಸೆ ದುಬಾರಿಯಲ್ಲ. ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ (ಕಾರ್ಟಿಸಾಲ್‌ಗೇ ಔಷಧಿ ರೂಪದಲ್ಲಿರುವ ಹೆಸರು), ಅದರಲ್ಲಿ ದೊಡ್ಡ ಪಾಲು ಬೆಳಿಗ್ಗೆ. ಇಲ್ಲವೇ ಸಣ್ಣ ಪ್ರಮಾಣದ ಪ್ರೆಡ್ನಿಸೋಲೋನ್. ಅಡಿಸನ್ ಇದ್ದವರಿಗೆ ಉಪ್ಪು ಹಿಡಿದಿಡಲು ಫ್ಲೂಡ್ರೋಕಾರ್ಟಿಸೋನ್ ಕೂಡ. ಕ್ಷಯವೂ ಇದ್ದರೆ ಒಂದು ಎಚ್ಚರ ಬೇಕು. ಕ್ಷಯದ ಔಷಧಿ ರಿಫಾಂಪಿಸಿನ್ ಕಾರ್ಟಿಸಾಲನ್ನು ಬೇಗ ಕರಗಿಸುತ್ತದೆ. ಅದು ಶುರುವಾದಾಗ ಸ್ಟೀರಾಯ್ಡ್ ಪ್ರಮಾಣ ಏರಿಸದಿದ್ದರೆ ಮನುಷ್ಯ ಕುಸಿಯಬಹುದು. ಸೋಮವಾರದ ಉಪವಾಸ, ರೋಜಾ ಎಂದು ಗುಳಿಗೆ ತಪ್ಪಿಸುವಂತಿಲ್ಲ. "ಉಪ್ಪು ಕಡಿಮೆ ಮಾಡ್ರಿ" ಎಂದು ಬಿಪಿ ಪೇಷಂಟ್‌ಗಳಿಗೆ ಕೊಡುವ ಸಲಹೆ ಅಡಿಸನ್ ಇದ್ದವರಿಗೆ ಹೊಂದುವುದಿಲ್ಲ, ಏಪ್ರಿಲ್ ಬಿಸಿಲಿನಲ್ಲಂತೂ ಇಲ್ಲವೇ ಇಲ್ಲ.

ಜ್ವರ ಬಂದರೆ ಗುಳಿಗೆ ಎರಡು ಮೂರು ಪಟ್ಟು ಮಾಡಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕು, ಅದೂ ತಕ್ಷಣ. ಡಾಕ್ಟರ್ ಬರೆದುಕೊಟ್ಟ ಒಂದು ವಯಲ್ ಮತ್ತು ಸಿರಿಂಜ್ ಮನೆಯಲ್ಲೇ ಇದ್ದು, ಹೆಂಡತಿಗೋ ಮಗನಿಗೋ ತೊಡೆಗೆ ಚುಚ್ಚಲು ಕಲಿಸಿದ್ದರೆ ಒಳ್ಳೆಯದು. ಇಲ್ಲವಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಕ್ಕನಿಗೆ ಮೊದಲೇ ಚೀಟಿ ತೋರಿಸಿ ಹೇಳಿಟ್ಟಿರಬೇಕು. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ. ಇಂಜೆಕ್ಷನ್ ಆದ ಮೇಲೆ ಗಾಡಿ ಹತ್ತಬೇಕು, ಗಾಡಿ ಹತ್ತಿ ಹೋಗಿ ಇಂಜೆಕ್ಷನ್ ಹುಡುಕುವುದಲ್ಲ.