ಬಿದ್ದ ಸೇತುವೆಯ ಜಾಗಕ್ಕೆ ಬಾಟಲಿ ಗಾಜು

2023ರ ಜೂನ್ 11, ಭಾನುವಾರ ಬೆಳಗ್ಗೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೆಟ್ರೋಲ್ ಟ್ಯಾಂಕರೊಂದು ಐ-95 ಹೆದ್ದಾರಿಯಿಂದ ಇಳಿಯುವಾಗ ಮಗುಚಿ, ಹೆದ್ದಾರಿ ಸೇತುವೆಯ ಅಡಿಯಲ್ಲೇ ಹೊತ್ತಿಕೊಂಡಿತು. ಚಾಲಕ ಬದುಕಲಿಲ್ಲ. ಉಕ್ಕು ಕರಗೋಕೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು, ನಿಜ. ಆದರೆ 600 ಡಿಗ್ರಿ ಮುಟ್ಟುವಷ್ಟರಲ್ಲೇ ಅದರ ಅರ್ಧದಷ್ಟು ಬಲ ಹೋಗಿರುತ್ತದೆ. ತೊಲೆಗಳು ಬಾಗಿ, ಉತ್ತರಕ್ಕೆ ಹೋಗುವ ಭಾಗ ಕುಸಿಯಿತು. ದಕ್ಷಿಣದ ಕಡೆಯದು ನಿಂತಿತ್ತು, ನಂಬುವ ಹಾಗಿರಲಿಲ್ಲ. ಅದನ್ನೂ ಒಡೆದು ಹಾಕಿದರು.

ದಿನಕ್ಕೆ ಸುಮಾರು 1,60,000 ವಾಹನ ಓಡಾಡುವ ರಸ್ತೆ. ತಿಂಗಳುಗಟ್ಟಲೆ ಬಂದ್ ಅಂತ ಮೊದಲು ಸರ್ಕಾರವೇ ಹೇಳಿತ್ತು. ತೊಲೆ ಮಾಡಿಸಿ, ತರಿಸಿ, ಕೂರಿಸೋಕೆ ಅಷ್ಟು ಸಮಯ ಬೇಕಲ್ವಾ? ಎಂಜಿನಿಯರುಗಳು ಸದ್ಯಕ್ಕೆ ಸೇತುವೆಯ ಗೋಜಿಗೇ ಹೋಗಲಿಲ್ಲ. ಕೆಳಗಿನ ರಸ್ತೆ ಮುಚ್ಚಿ, ಆ ಕಂದಕವನ್ನೇ ತುಂಬಿಬಿಟ್ಟರು.

ತುಂಬಿದ್ದು ಮಣ್ಣಲ್ಲ, ನೊರೆಗಾಜು. ಹಳೆ ಬಾಟಲಿಗಳನ್ನು ಪುಡಿ ಮಾಡಿ, ನೊರೆ ಬರಿಸುವ ಪದಾರ್ಥ ಸೇರಿಸಿ ಕುಲುಮೆಯಲ್ಲಿ ಕಾಯಿಸಿದರೆ ಗಾಜು ಉಬ್ಬುತ್ತದೆ. ತಣಿಯುವಾಗ ತಾನೇ ಬಿರುಕುಬಿಟ್ಟು ತುಂಡಾಗುತ್ತದೆ. ಬೂದು ಬಣ್ಣದ ತುಂಡು, ಒಳಗೆಲ್ಲ ಗಾಳಿಗುಳ್ಳೆ. ನೀರಿಗೆ ಹಾಕಿದರೆ ತೇಲುತ್ತದೆ! ಜಲ್ಲಿಗಿಂತ ಐದಾರು ಪಟ್ಟು ಹಗುರವಾದ್ದರಿಂದ ಒಂದೇ ಲಾರಿಯಲ್ಲಿ ಜಾಸ್ತಿ ಹಿಡಿಸುತ್ತದೆ, ಪಕ್ಕದ ತಡೆಗೋಡೆಗಳ ಮೇಲೆ ಒತ್ತಡ ಕಡಿಮೆ, ಕೆಳಗಿನ ನೆಲವೂ ಕುಸಿಯುವ ಭಯವಿಲ್ಲ.

ತುರ್ತುಸ್ಥಿತಿ ಘೋಷಣೆಯಾಗಿದ್ದರಿಂದ ಟೆಂಡರ್ ಕಾಗದಪತ್ರಗಳಿಗೆ ಕಾಯಬೇಕಿರಲಿಲ್ಲ. ಅದೇ ಹೆದ್ದಾರಿಯಲ್ಲಿ ಬೇರೆ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರು ಯಂತ್ರಗಳ ಸಮೇತ ಬಂದರು. ಹಗಲೂ ರಾತ್ರಿ ಕೆಲಸ. ಅದನ್ನು ಜನ ಲೈವ್ ವಿಡಿಯೊದಲ್ಲಿ ನೋಡುತ್ತಾ ಕೂತರು. ಕೊನೆಗೆ ಟಾರು ಹಾಕುವ ಹೊತ್ತಿಗೆ ಮಳೆ. ಪೊಕೊನೊ ಕಾರ್ ರೇಸ್ ಟ್ರ್ಯಾಕ್‌ನಿಂದ ಜೆಟ್ ಎಂಜಿನ್ ಕೂರಿಸಿದ ಗಾಡಿ ತರಿಸಿ, ಬಿಸಿಗಾಳಿ ಊದಿ ರಸ್ತೆ ಒಣಗಿಸಿದರು. ಜೂನ್ 23ರಂದು ವಾಹನ ಓಡಿದವು.

ನನಗೆ ಈ ವೇಗಕ್ಕಿಂತ ಕೆಲಸ ಜೋಡಿಸಿದ ರೀತಿ ಇಷ್ಟ. ಗಾಜು ತುಂಬಿದ್ದು ಅಗಲದ ನಡುಭಾಗಕ್ಕೆ ಮಾತ್ರ. ಅದರ ಮೇಲೆ ಎರಡೂ ಕಡೆಗೆ ಮೂರು ಮೂರು ಲೇನು. ಅಂಚುಗಳನ್ನು ಬೇಕಂತಲೇ ಖಾಲಿ ಬಿಟ್ಟಿದ್ದರು. ವಾಹನ ಓಡುತ್ತಿರುವಾಗಲೇ ಅಲ್ಲಿ ನಿಜವಾದ ಸೇತುವೆ ಕಟ್ಟುವುದು, ವಾಹನಗಳನ್ನು ಆ ಅಂಚುಗಳಿಗೆ ತಿರುಗಿಸುವುದು, ಆಮೇಲೆ ನಡುವಿನ ಗಾಜು ತೆಗೆದು ಅಲ್ಲೂ ಸೇತುವೆ ಕೂರಿಸುವುದು. ತುಂಬುವ ಮೊದಲೇ ತೆಗೆಯುವುದು ಹೇಗೆ ಅಂತ ಲೆಕ್ಕ ಹಾಕಿಯೇ ಕೆಲಸಕ್ಕೆ ಇಳಿದಿದ್ದರು.