ಹಾಜರಿ ಕೂಗುವವರೇ ಸುದ್ದಿ ತರುವವರು

ತಮಿಳುನಾಡಿಗೆ ಸೇರಿದ ಕನ್ನಡದ ಊರು ನಮ್ಮ ತಾಳವಾಡಿಯಲ್ಲಿ ಬಸ್ಸು ಹತ್ತಿ ದಿಂಬಂ ಘಾಟಿಯ 27 ತಿರುವು ಇಳಿದರೆ ಬಣ್ಣಾರಿ. ಅಲ್ಲಿಂದ ಭವಾನಿಸಾಗರ ದೂರವೇನಲ್ಲ. ಅಣೆಕಟ್ಟು, ಪಾರ್ಕು ನಮ್ಮ ಕಡೆಯವರಿಗೆಲ್ಲ ಗೊತ್ತು. ಅದೇ ಊರಲ್ಲಿ ಶ್ರೀಲಂಕಾ ತಮಿಳರ ಮುಗಾಮ್, ಅಂದರೆ ಶಿಬಿರ ಇರೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ 1983ರ ಜುಲೈ ಗಲಭೆಯ ನಂತರ ದೋಣಿಯಲ್ಲಿ ರಾಮೇಶ್ವರದ ಕಡೆ ಬಂದಿಳಿದವರನ್ನು ಮಂಟಪಂ ಶಿಬಿರದಲ್ಲಿ ಬರೆದುಕೊಂಡು ಬೇರೆ ಬೇರೆ ಜಿಲ್ಲೆಗೆ ಕಳಿಸಿದರು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಇವರಿಗೆ ಸಿಗುವುದೆಲ್ಲ ಸರ್ಕಾರಿ ಆದೇಶದಿಂದ. ಆದೇಶ ಬದಲಾದರೆ ಯಾರಾದರೂ ಬಂದು ಹೇಳಬೇಕು.

ಹೇಳುವವರು ಕಂದಾಯ ಇಲಾಖೆಯ ಆರ್‌ಐ, ಅಂದರೆ ರೆವಿನ್ಯೂ ಇನ್‌ಸ್ಪೆಕ್ಟರ್. ಹಾಜರಿ ದಿನ ಹೆಸರು ಕೂಗುತ್ತಾರೆ, ಮನೆಮಂದಿ ಎದುರು ಬಂದು ನಿಲ್ಲಬೇಕು. ಪೇಂಟಿಂಗ್ ಕೆಲಸಕ್ಕೆ ದೂರ ಹೋದವರೂ ಕೂಲಿ ಬಿಟ್ಟು ಬರಬೇಕು, ಇಲ್ಲದಿದ್ದರೆ ‘ಪಣಕ್ಕೊಡೈ’ಗೆ, ಅಂದರೆ ತಿಂಗಳ ಸಹಾಯಧನಕ್ಕೆ ಕುತ್ತು. ಹೊಸ ಸವಲತ್ತಿನ ಮಾತು ಬರುವುದೂ ಆ ಸಾಲಿನಲ್ಲೇ, ಇಲ್ಲವೇ ಆಮೇಲೆ ಶಿಬಿರದ ತಲೈವರ್, ಅಂದರೆ ಮುಖಂಡರ ಬಾಯಿಂದ. ತಲೆ ಎಣಿಸುವವರ ಹತ್ತಿರ, ಅದೂ ಕ್ಯೂ ಬ್ರಾಂಚ್ (ತಮಿಳುನಾಡು ಪೊಲೀಸರ ಗುಪ್ತಚರ ವಿಭಾಗ) ಪೊಲೀಸರ ಕಣ್ಣಿರುವಾಗ, ‘ನಮಗೆ ಇದು ಯಾಕೆ ಬಂದಿಲ್ಲ ಸಾರ್’ ಅಂತ ಕೇಳೋದು ಸುಲಭ ಅಲ್ಲ, ಅಲ್ವಾ?

ಸುದ್ದಿ ತಿಳಿಯಲು ಇನ್ನೊಂದು ದಾರಿ 1984ರಲ್ಲಿ ತೆರೆಯಿತು. ಶ್ರೀಲಂಕಾ ತಮಿಳರೇ ಆದ ಎಸ್. ಸಿ. ಚಂದ್ರಹಾಸನ್ ಕಟ್ಟಿದ ‘ಆಫರ್’ (OfERR) ಎಂಬ ನಿರಾಶ್ರಿತರ ಪುನರ್ವಸತಿ ಸಂಸ್ಥೆಯಲ್ಲಿ ನಿರಾಶ್ರಿತರೇ ಕಾರ್ಯಕರ್ತರು. ಆದರೆ 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯಾದ ಮೇಲೆ ವಾತಾವರಣವೇ ಕೆಟ್ಟಿತು. ಕೆಲವು ವರ್ಷ ಹೊರಗಿನ ಸಂಸ್ಥೆಗಳು ಶಿಬಿರದೊಳಗೆ ಕಾಲಿಡುವಂತಿರಲಿಲ್ಲ. ಜನರನ್ನು ವಾಪಸ್ ಕಳಿಸಲು ಶುರುಮಾಡಿದ್ದೂ ಆಗಲೇ. ಓದಲು ಬಾರದ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು ಎಂಬ ದೂರು ಎದ್ದಿತು. ಸ್ವಂತ ಇಷ್ಟದಿಂದ ಹೋಗುತ್ತಿದ್ದಾರಾ ಎಂದು ಕೇಳಲು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ 1992ರಲ್ಲಿ ಚೆನ್ನೈಗೆ ಬಂತು.

ಓದಲಾಗದ ಕಾಗದದ ಕಷ್ಟ ತಾಳವಾಡಿಯವರಿಗೆ ಹೊಸದಲ್ಲ. ನಮ್ಮಜ್ಜಿ ರೇಷನ್ ಅಂಗಡಿಯ ತಮಿಳು ನೋಟಿಸನ್ನು ಶಾಲೆ ಹುಡುಗರ ಕೈಲಿ ಓದಿಸುತ್ತಿದ್ದರು. ಹುಡುಗ ತಪ್ಪು ಓದಿದರೆ ಆ ತಿಂಗಳು ಸಕ್ಕರೆ ಇಲ್ಲ, ಅಷ್ಟೇ.

2021ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ 317.40 ಕೋಟಿ ರೂಪಾಯಿ ಯೋಜನೆ ಘೋಷಿಸಿದರು. ಮನೆ ಯಜಮಾನರಿಗೆ ತಿಂಗಳ ಸಹಾಯಧನ 1,000 ಇದ್ದದ್ದು 1,500 ಆಯಿತು. ಶಿಬಿರದ ಹೆಸರು ‘ಅಗದಿಗಳ್ ಮುಗಾಮ್’ (ನಿರಾಶ್ರಿತರ ಶಿಬಿರ) ಹೋಗಿ ‘ಮರುವಾಳ್ವು ಮುಗಾಮ್’ (ಪುನರ್ವಸತಿ ಶಿಬಿರ) ಬಂತು. ನಮ್ಮ ಬಾಳು, ಅವರ ವಾಳ್ವು, ಒಂದೇ ಪದ. ಈ ಸಲ ಆರ್‌ಐಗೆ ಕಾಯಬೇಕಿರಲಿಲ್ಲ, ಟಿವಿ, ಮೊಬೈಲ್ ಇದ್ದವು. ಆದರೆ ಪಟ್ಟಿಯಲ್ಲಿ ಹೆಸರಿದೆಯಾ ಅಂತ ತಿಳಿಯಲು ಮತ್ತೆ ಅದೇ ಆರ್‌ಐ.

ಶಿಬಿರದಲ್ಲೇ ಹುಟ್ಟಿದವರಿಗೆ ಬೇಕಾದ ಸುದ್ದಿ ಪೌರತ್ವದ್ದು. ಪೌರತ್ವ ಕಾಯ್ದೆಯ 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಮುಸ್ಲಿಮೇತರರಿಗೆ ಮಾತ್ರ. ಹಾಜರಿ ಸಾಲಿನಲ್ಲಿ ಅದನ್ನು ಕೇಳಿದರೆ ಆರ್‌ಐ ಮುಂದಿನ ಹೆಸರು ಕೂಗಬೇಕಷ್ಟೇ.